ಕೇಳದೆ ಬಿಟ್ಟ ಮಂಗಳವಾರಗಳು

"ಕಿತ್ಕೊಂಡು ಹೋಗೋಕೆ ಬಂದಿಲ್ಲ ಸಾರ್, ಕೇಳೋಕೆ ಬಂದಿದೀನಿ," ಎಂದು ಹೇಳಿ ವಕೀಲೆ ಗೋಡೆಪಕ್ಕದ ಕುರ್ಚಿಯಲ್ಲಿ ಕೂತಳು. ಕುರ್ಚಿ ಟಕ್ಕೆಂದು ಎಡಕ್ಕೆ ವಾಲಿತು. ಅವಳು ಗಾಬರಿಯಿಂದ ಮೇಜು ಹಿಡಿದುಕೊಂಡಳು.

"ಅದು ಬೇಡ ಲಾಯರಮ್ಮ, ಈ ಕಡೆ ಬನ್ನಿ. ಅದರ ಒಂದು ಕಾಲು ಗಿಡ್ಡ. ರಿಪೇರಿ ಮಾಡಿಸಿದ್ರೆ ಒಳ್ಳೇದು ಅಂತ ನಾನೇ ನಾಲ್ಕು ಸಲ ಬರೆದುಕೊಟ್ಟಿದೀನಿ," ಎಂದ ನೆನಪಣ್ಣ.

"ನಾಲ್ಕು ಸಲ ಬರೆದ್ರೂ ಆಗ್ಲಿಲ್ವಾ?"

"ಐದನೇ ಸಲಕ್ಕೆ ಆಗುತ್ತೆ. ನಮ್ಮ ಕಚೇರಿ ಕೆಲಸವೇ ಅಷ್ಟು."

ವಕೀಲೆ ನಗಲಿಲ್ಲ. ಮೂವತ್ತು ದಾಟಿರದ ಹುಡುಗಿ. ಕಪ್ಪು ಕೋಟನ್ನು ಮಡಚಿ ತೋಳಿನ ಮೇಲೆ ಹಾಕಿಕೊಂಡಿದ್ದಳು. ಎರಡು ಮಹಡಿ ಹತ್ತಿ ಬಂದ ಏದುಸಿರು ಇನ್ನೂ ಇಳಿದಿರಲಿಲ್ಲ. ನೆನಪಣ್ಣ ತಳ್ಳಿಕೊಟ್ಟ ನೀರಿನ ಲೋಟವನ್ನು ಒಂದೇ ಗುಟುಕಿಗೆ ಕುಡಿದು, ಮೇಜಿನ ಮೇಲಿದ್ದ ಉದ್ದನೆಯ ನೋಟ್‌ಬುಕ್ಕಿನ ಕಡೆ ಕಣ್ಣು ಹಾಯಿಸಿದಳು. ಹಸಿರು ರಟ್ಟು, ಬೆನ್ನಿಗೆ ಬಟ್ಟೆಯ ಪಟ್ಟಿ, ಮೂಲೆಗಳೆಲ್ಲ ಸವೆದು ಗುಂಡಗಾಗಿದ್ದವು.

"ಇದೇನಾ ಅದು?"

ನೆನಪಣ್ಣ ಪುಸ್ತಕದ ಮೇಲೆ ಕೈಯಿಟ್ಟ.

ಅವನ ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಇತ್ತು. ಊರಿನ ಅರ್ಧ ಕಚೇರಿಗಳಿಗೆ ಅವನು ನೆನಪಣ್ಣ. ದೂರು ವಿಚಾರಣಾ ಮಂಡಳಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಗುಮಾಸ್ತ. ಮಂಡಳಿಗೆ ಯಾರು ಬೇಕಾದರೂ ದೂರು ಕೊಡಬಹುದು. ಮಂಡಳಿ ಹೋಗಿ ನೋಡಿ, ವಿಚಾರಿಸಿ, ಸಂಬಂಧಪಟ್ಟ ಕಚೇರಿಗೆ ಶಿಫಾರಸು ಬರೆಯುತ್ತದೆ. ಅಲ್ಲಿಗೆ ಅದರ ಅಧಿಕಾರ ಮುಗಿಯಿತು. ಹೀಗೆ ಮಾಡಿದರೆ ಒಳ್ಳೆಯದು ಎನ್ನಬಹುದೇ ಹೊರತು ಮಾಡು ಎನ್ನುವಂತಿಲ್ಲ. ಮಾಡದಿದ್ದವರಿಗೆ ದಂಡವಿಲ್ಲ, ಶಿಕ್ಷೆಯಿಲ್ಲ. ಕೆಳಗಿನ ಮಹಡಿಯ ಅಂಚೆಯವರು ತಮಾಷೆಗೆ ಇದನ್ನು 'ಬುದ್ಧಿ ಹೇಳೋ ಆಫೀಸು' ಎನ್ನುತ್ತಿದ್ದರು. ಹಲ್ಲು ಕಿತ್ತ ಹಾವು ಎಂದವರೂ ಇದ್ದರು.

ಹಾವಿಗೆ ಹಲ್ಲಿಲ್ಲದಿದ್ದರೇನು, ನೆನಪಣ್ಣನಿಗೆ ಫೋನಿತ್ತು. ಶಿಫಾರಸು ಹೋದ ವಾರದಿಂದ ಅವನು ಆ ಕಚೇರಿಗೆ ಫೋನು ಮಾಡಲು ಶುರುಮಾಡುತ್ತಿದ್ದ. ಸೋಮವಾರ ಶಾಲೆಗಳು, ಮಂಗಳವಾರ ಆಸ್ಪತ್ರೆಗಳು, ಬುಧವಾರ ಸಾರಿಗೆ, ಹೀಗೆ. ಗದರಿಸುವುದು ಅವನಿಗೆ ಬರುತ್ತಿರಲಿಲ್ಲ. "ನಮಸ್ಕಾರ, ನೆನಪು ಮಾಡೋಣ ಅಂತ ಫೋನ್ ಮಾಡಿದೆ," ಎನ್ನುತ್ತಿದ್ದ. ಅತ್ತಲಿಂದ ಬಂದ ಮಾತನ್ನೆಲ್ಲ ತನ್ನ ದುಡ್ಡಿನಲ್ಲೇ ಕೊಂಡ ಹಸಿರು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ. ಫೈಲು ಎಲ್ಲಿ ನಿಂತಿದೆ ಎಂಬುದರ ಜೊತೆಗೆ 'ಮೊಮ್ಮಗಳಿಗೆ ಜ್ವರ, ಮುಂದಿನ ವಾರ ಕೇಳು', 'ಇವರ ತಮ್ಮ ಮನೆ ಬಿಟ್ಟು ಹೋಗಿದ್ದಾನೆ, ಇವತ್ತು ಜಾಸ್ತಿ ಮಾತಾಡಬೇಡ' ಎಂದೂ ಇರುತ್ತಿತ್ತು. ಹೀಗೇ ಕೇಳಿ ಕೇಳಿ ಒಂದು ಶಾಲೆಯಲ್ಲಿ ನೀರಿನ ನಲ್ಲಿ ಪುಟ್ಟ ಮಕ್ಕಳ ಕೈಗೆಟುಕುವಷ್ಟು ಕೆಳಗಿಳಿದಿತ್ತು. ಬಸ್ ಡಿಪೋದಲ್ಲಿ ಹೆಂಗಸರ ಶೌಚಾಲಯದ ಬಾಗಿಲಿಗೆ ಚಿಲಕ ಬಂದಿತ್ತು. ಅದಕ್ಕೆ ಹದಿನಾಲ್ಕು ಫೋನು ಹಿಡಿಯಿತು.

"ದೊಡ್ಡಕ್ಕ ನಿಮ್ಮ ವಿಷಯ ಹೇಳಿದ್ರು," ಎಂದಳು ವಕೀಲೆ. "ಅವರು ದೂರು ಕೊಟ್ಟಾಗ ನೀವು ಅವರಿಗೆ ಮಾತು ಕೊಟ್ಟಿದ್ರಂತೆ. ಪ್ರತಿ ಮಂಗಳವಾರ ಕೇಳ್ತೀನಿ, ಕೇಳಿದ್ದನ್ನ ಪುಸ್ತಕದಲ್ಲಿ ಬರೀತೀನಿ ಅಂತ."

"ಕೊಟ್ಟಿದ್ದೆ."

ದೊಡ್ಡಕ್ಕ ಎಂದರೆ ದೊಡ್ಡ ಆಸ್ಪತ್ರೆಯ ಲಾಂಡ್ರಿಯ ಕೆಲಸದವಳು. ಅಲ್ಲಿ ಒಗೆದ ಬೆಡ್‌ಶೀಟುಗಳಿಗೆ ಇಸ್ತ್ರಿ ಹಾಕುವ ಒಂದು ಮಷೀನಿದೆ. ಕಾದ ಎರಡು ಉರುಳೆಗಳು, ಒಂದರ ಮೇಲೊಂದು. ಹಸಿ ಬಟ್ಟೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಅದರ ಬಾಯಿಗೆ ಕೊಡಬೇಕು. ಕೊಡುತ್ತಿದ್ದಂತೆ ಅದು ಎಳೆದುಕೊಳ್ಳುತ್ತದೆ. ಮೂರು ವರ್ಷದ ಕೆಳಗೆ ಅಲ್ಲಿ ಒಬ್ಬಳ ಬೆರಳ ತುದಿ ಸುಟ್ಟಾಗ, ಅವಳ ಪರವಾಗಿ ದೂರು ಬರೆದುಕೊಟ್ಟವಳು ದೊಡ್ಡಕ್ಕನೇ. ಮಂಡಳಿಯವರು ಹೋಗಿ ನೋಡಿ ಶಿಫಾರಸು ಬರೆದರು: ಉರುಳೆಯ ಬಾಯಿಗೆ ಅಡ್ಡಪಟ್ಟಿ ಹಾಕಿಸುವುದು ಒಳ್ಳೆಯದು, ಬೆರಳು ತಾಕಿದರೆ ಮಷೀನು ತಾನೇ ನಿಲ್ಲುವಂಥ ಪಟ್ಟಿ. ಪಟ್ಟಿ ಬರಲಿಲ್ಲ. ಎಂಟು ತಿಂಗಳ ಹಿಂದೆ ಒಂದು ಶುಕ್ರವಾರ ಅದೇ ಉರುಳೆ ದೊಡ್ಡಕ್ಕನ ಬಲಗೈಯ ಮೂರು ಬೆರಳು ತಿಂದಿತು.

ವಕೀಲೆ ಚೀಲದಿಂದ ಒಂದು ಹಾಳೆ ತೆಗೆದು ಓದಿದಳು. "'ಸದರಿ ಶಿಫಾರಸು ಸಲಹೆ ಮಾತ್ರವಾಗಿದ್ದು ಪಾಲಿಸುವ ಬಾಧ್ಯತೆ ಇರುವುದಿಲ್ಲ. ಅಲ್ಲದೆ ಅದು ಜವಾಬ್ದಾರಿಯುತ ಅಧಿಕಾರಿಗಳ ಗಮನಕ್ಕೆ ಬಂದಿರುವುದಿಲ್ಲ. ಕೆಲಸಗಾರಳ ಅಜಾಗರೂಕತೆಯೇ ಅವಘಡಕ್ಕೆ ಕಾರಣ.' ಇದು ಆಸ್ಪತ್ರೆಯವರ ಉತ್ತರ."

"ಗಮನಕ್ಕೆ ಬಂದಿಲ್ಲ ಅಂದ್ರಾ!"

"ಬಾಗಿಲಲ್ಲಿ ಯಾರೋ ಕಾಗದ ತಗೊಂಡು ಸೀಲ್ ಹಾಕಿದಾರೆ, ಕಪಾಟಿನಲ್ಲಿ ಇಟ್ಟಿದಾರೆ, ಮುಗೀತು ಅಂತಾರೆ. ನೋಡಿ ಸಾರ್, ಶಿಫಾರಸನ್ನ ಪಾಲಿಸಲೇಬೇಕಿತ್ತು ಅಂತ ನಾನು ವಾದ ಮಾಡಲ್ಲ. ಮಾಡಿದ್ರೆ ಜಡ್ಜ್ ನಗ್ತಾರೆ. ನನಗೆ ಬೇಕಾಗಿರೋದು ಇಷ್ಟೇ. ಅಪಾಯ ಇದೆ ಅಂತ ಅವರಿಗೆ ಗೊತ್ತಿತ್ತು, ಗೊತ್ತಿದ್ದೂ ಸುಮ್ಮನಿದ್ರು. ಶಿಫಾರಸಿಗೆ ಕೈ ಹಿಡಿದು ಮಾಡಿಸೋ ಶಕ್ತಿ ಇಲ್ಲ, ನಿಜ. 'ಗೊತ್ತಿರಲಿಲ್ಲ' ಅನ್ನೋ ಬಾಯನ್ನ ಮುಚ್ಚಿಸೋ ಶಕ್ತಿ ಇದೆ. ಅದು ಯಾರ ಕಣ್ಣಿಗೆ ಬಿತ್ತು, ಯಾರು ಏನಂದ್ರು ಅಂತ ನಿಮ್ಮ ಪುಸ್ತಕದಲ್ಲಿ ಇದ್ಯಾ?"

ಇತ್ತು. ಯಾವ ಪುಟದಲ್ಲಿದೆ ಎಂಬುದೂ ನೆನಪಣ್ಣನಿಗೆ ಗೊತ್ತಿತ್ತು.

"ಕೋರ್ಟಿಂದ ಸಮನ್ಸ್ ತರಿಸಬಹುದಲ್ವಾ?" ಎಂದು ಕೇಳಿದ.

"ತರಿಸಬಹುದು. ಅದಕ್ಕೆ ಮುಂಚೆ ಒಂದು ಸಲ ಕೇಳಿಬಿಡೋಣ ಅಂತ ದೊಡ್ಡಕ್ಕನೇ ಹೇಳಿದ್ರು. ಬುಧವಾರ ವಿಚಾರಣೆ ಇದೆ." ವಕೀಲೆ ಎದ್ದು ನಿಂತು ಕೋಟು ಸರಿಮಾಡಿಕೊಂಡಳು. "ಇನ್ನೊಂದು ವಿಷಯ. ಆ ಮಷೀನಿಗೆ ಇನ್ನೂ ಪಟ್ಟಿ ಹಾಕಿಲ್ಲ. ಈಗ ಹಾಕಿದ್ರೆ ತಪ್ಪು ಒಪ್ಪಿಕೊಂಡ ಹಾಗಾಗುತ್ತೆ ಅಂತ ಅವರ ವಕೀಲರು ಹೇಳಿದಾರಂತೆ. ಅದರ ಮುಂದೆ ಈಗ ನಿಂತಿರೋದು ಯಾರು ಗೊತ್ತಾ? ದೊಡ್ಡಕ್ಕನ ತಂಗಿ."

ಅವಳು ಇಳಿದುಹೋದ ಮೇಲೂ ಬಹಳ ಹೊತ್ತು ಮೆಟ್ಟಿಲ ಮೇಲಿನ ಅವಳ ಚಪ್ಪಲಿ ಸದ್ದು ಕೇಳುತ್ತಿದ್ದಂತೆ ನೆನಪಣ್ಣನಿಗೆ ಅನ್ನಿಸಿತು.

ದೊಡ್ಡ ಆಸ್ಪತ್ರೆಯಲ್ಲಿ ಅವನ ಫೋನು ಎತ್ತುತ್ತಿದ್ದವರು ಉಗ್ರಾಣದ ಮೇಲ್ವಿಚಾರಕಿ. ಹಾಸಿಗೆ, ಬಕೆಟ್ಟು, ಮಷೀನಿನ ಬಿಡಿಭಾಗ ಎಲ್ಲ ಅವರ ಕೈಯಿಂದಲೇ ಹೋಗಬೇಕು. ನೆನಪಣ್ಣನ ಪಾಲಿಗೆ ಅವರು ಉಗ್ರಾಣದಮ್ಮ. ಹನ್ನೊಂದು ವರ್ಷದಿಂದ ಮಂಗಳವಾರ ಹನ್ನೊಂದು ಗಂಟೆಗೆ ಅವರ ಜೊತೆ ಮಾತು. ಮುಖ ನೋಡಿರಲಿಲ್ಲ. ದಪ್ಪ, ಗಡಸು ದನಿ. ಮಾತಿನ ನಡುವೆ ಗಂಟಲು ಸರಿಮಾಡಿಕೊಳ್ಳುವ ಎರಡು ಪುಟ್ಟ ಕೆಮ್ಮು. ಬಲಗಾಲಿನ ಮಂಡಿ ನೋವು. ಗಂಡ ಇಲ್ಲ. ಓದು ಮುಗಿಸಿ ಕೆಲಸ ಹುಡುಕುತ್ತಿರುವ ಮಗಳು. ಆ ದನಿಗೆ ತಕ್ಕಂತೆ ಎತ್ತರದ, ತೂಕದ ಒಬ್ಬ ಹೆಂಗಸನ್ನು ಅವನು ಮನಸ್ಸಿನಲ್ಲಿ ಕಟ್ಟಿಕೊಂಡಿದ್ದ.

"ಏನ್ ನೆನಪಣ್ಣ, ಇನ್ನೂ ಬದುಕಿದೀರಾ?" ಎಂದು ಶುರುಮಾಡುತ್ತಿದ್ದರು ಅವರು.

"ನೀವು ಪಟ್ಟಿ ಹಾಕ್ಸೋವರೆಗೂ ಸಾಯೋ ಹಾಗಿಲ್ಲ ತಾಯಿ."

"ಹಾಗಾದ್ರೆ ನಿಮಗೆ ಆಯಸ್ಸು ಗಟ್ಟಿ ಬಿಡಿ."

ಅವರು ಬರೀ ಮಾತಿನವರಾಗಿರಲಿಲ್ಲ. ಎರಡು ಸಲ ಫೈಲನ್ನು ತಾವೇ ಕೈಯಲ್ಲಿ ಹಿಡಿದು ಆಡಳಿತಾಧಿಕಾರಿಯ ಕೋಣೆಗೆ ಹೋಗಿದ್ದರು. ಎರಡನೆಯ ಸಲ ಹೋಗಿಬಂದ ಮಂಗಳವಾರ ದನಿ ತಗ್ಗಿಸಿ ಹೇಳಿದ್ದನ್ನು ನೆನಪಣ್ಣ ಎಂದಿನಂತೆ ಬರೆದುಕೊಂಡಿದ್ದ: 'ಆ.ಅ. ಶಿಫಾರಸು ಪೂರ್ತಿ ಓದಿದರು. ಪಟ್ಟಿ ಕೂರಿಸೋಕೆ ಎರಡು ದಿನ ಮಷೀನು ನಿಲ್ಲಿಸಬೇಕು, ದಿನಕ್ಕೆ ಆರುನೂರು ಬೆಡ್‌ಶೀಟು ಯಾರು ಕೊಡ್ತಾರೆ, ಬುದ್ಧಿ ಹೇಳೋರ ಮಾತಿಗೆಲ್ಲ ಕುಣಿಯೋಕಾಗಲ್ಲ, ಆರ್ಡರ್ ಬಂದ ದಿನ ನೋಡೋಣ ಅಂದರಂತೆ. ಉ. ಹೇಳಿದ್ದು. ಯಾರಿಗೂ ಹೇಳಬೇಡಿ ಅಂದರು. ಮಂಡಿ ನೋವು ಜಾಸ್ತಿ.'

ಯಾರಿಗೂ ಹೇಳಬೇಡಿ. ಇಪ್ಪತ್ತೆರಡು ವರ್ಷದಲ್ಲಿ ಈ ಮಾತನ್ನು ಅವನಿಗೆ ಎಷ್ಟು ಜನ ಹೇಳಿದ್ದರೋ. ಅವನು ಯಾರಿಗೂ ಹೇಳಿರಲಿಲ್ಲ. ಅದಕ್ಕೇ ಅವರೆಲ್ಲ ಹೇಳುತ್ತಿದ್ದರು.

ಮರುದಿನ ಅಧ್ಯಕ್ಷರ ಕೋಣೆಗೆ ಹೋದ. ಅಧ್ಯಕ್ಷರು ನಿವೃತ್ತ ನ್ಯಾಯಾಧೀಶರು, ಎಪ್ಪತ್ತನಾಲ್ಕು ವರ್ಷ. ಎಡಗಿವಿ ಮಂದ. ಒಪ್ಪಿಗೆಯಾಗದ ಮಾತು ಬಂದಾಗ ಆ ಕಿವಿಯನ್ನೇ ತಿರುಗಿಸುತ್ತಾರೆ ಎಂದು ಕಚೇರಿಯವರು ನಗುತ್ತಿದ್ದರು. ಇವತ್ತು ಬಲಗಿವಿ ಕೊಟ್ಟು ಪೂರ್ತಿ ಕೇಳಿದರು.

"ಮೂವತ್ತು ವರ್ಷ ಆರ್ಡರ್ ಬರೆದೆ ಕಣ್ರೀ," ಎಂದರು ಕೊನೆಗೆ. "ಒಂದೊಂದು ಆರ್ಡರ್ ಜಾರಿ ಆಗೋಕೆ ಹತ್ತು ವರ್ಷ ಹಿಡೀತು. ಕೆಲವು ಆಗಲೇ ಇಲ್ಲ. ಇಲ್ಲಿ ನೀವು ಹದಿನಾಲ್ಕು ಫೋನಿಗೆ ಚಿಲಕ ಹಾಕಿಸಿದ್ರಿ. ಹೇಗೆ? ಅತ್ತ ಕಡೆಯವರು ನಿಮ್ಮನ್ನ ಕಂಡು ಹೆದರಲ್ಲ, ಅದಕ್ಕೆ. ಈ ಪುಸ್ತಕ ಒಂದು ಸಲ ಕೋರ್ಟಿನ ಮೇಜು ಹತ್ತಿದ್ರೆ, ನಾಳೆಯಿಂದ ಎಲ್ಲರೂ ನಿಮಗೆ 'ಬರೆದು ಕಳಿಸಿ' ಅಂತಾರೆ."

"ಹಾಗಾದ್ರೆ ಕೊಡಬಾರದಾ ಸಾರ್?"

"ನಾನು ಹಾಗಂದ್ನಾ?"

"ಕೊಡಬೇಕಾ?"

"ಹಾಗೂ ಅನ್ನಲಿಲ್ಲ. ಪುಸ್ತಕ ನಿಮ್ಮದು, ಕಚೇರಿದಲ್ಲ. ನಿಮಗೆ ಆಜ್ಞೆ ಮಾಡೋ ಅಧಿಕಾರ ನನಗಿಲ್ಲ." ಕನ್ನಡಕ ತೆಗೆದು ಒರೆಸಿಕೊಳ್ಳತೊಡಗಿದರು. ಒರೆಸಿದ ಗಾಜನ್ನೇ ಮತ್ತೆ ಒರೆಸಿದರು. "ಆ ಹೆಣ್ಣುಮಗಳ ಯಾವ ಕೈ ಅಂದ್ರಿ?"

"ಬಲಗೈ ಸಾರ್."

"ಹ್ಞೂಂ," ಎಂದು ಎಡಗಿವಿ ತಿರುಗಿಸಿ ಕೂತರು.

ಭಾನುವಾರ ಸಂಜೆ ಪುಸ್ತಕ ಮನೆಗೆ ಬಂದಿತ್ತು. ಹೆಂಡತಿ ಅಡುಗೆಮನೆಯ ಮೇಜಿನ ಮುಂದೆ ಕೂತು ಬೀನ್ಸಿನ ನಾರು ತೆಗೆಯುತ್ತಿದ್ದಳು. ನೆನಪಣ್ಣ ಎದುರಿಗೆ ಕೂತು, ಪುಟ ತಿರುಗಿಸುವುದು, ಮುಚ್ಚುವುದು, ಮತ್ತೆ ತೆರೆಯುವುದು ಮಾಡುತ್ತಿದ್ದ.

"ಒಂದು ಲೋಟ ನೀರು ಸಿಕ್ಕಿದ್ರೆ ಚೆನ್ನಾಗಿತ್ತು," ಎಂದ.

"ನೋಡಿದ್ರಾ," ಎಂದಳು ಅವಳು ಬೀನ್ಸಿಗೆ ಹೇಳುವಂತೆ. "ಮದುವೆಯಾಗಿ ಮೂವತ್ತೊಂದು ವರ್ಷ. ಈ ಮನುಷ್ಯ ಒಂದು ದಿನ ನೀರು ಕೊಡು ಅಂದಿಲ್ಲ. ಸಿಕ್ಕಿದ್ರೆ ಚೆನ್ನಾಗಿತ್ತಂತೆ! ಮನೇಲೂ ಶಿಫಾರಸೇ." ಹಾಗೆನ್ನುತ್ತಲೇ ಎದ್ದು ನೀರು ತಂದಿಟ್ಟಳು. "ಏನು ಯೋಚನೆ?"

ಅವನು ಹೇಳಿದ. ಉಗ್ರಾಣದಮ್ಮನ ಮಾತು ಹೊರಗೆ ಬಂದರೆ ಅವರ ಕೆಲಸ ಉಳಿಯುವುದಿಲ್ಲ, ನಿವೃತ್ತಿಗೆ ಎರಡೇ ವರ್ಷ, ಮಗಳಿಗೆ ಇನ್ನೂ ಕೆಲಸವಿಲ್ಲ. ನಂಬಿ ಹೇಳಿದವರನ್ನು ಬೀದಿಗೆ ತಂದಂತಾಗುತ್ತದೆ. ಕೊಡದಿದ್ದರೆ ದೊಡ್ಡಕ್ಕನ ತಪ್ಪು ಎಂದೇ ತೀರ್ಪಾಗುತ್ತದೆ. ಆ ಮಷೀನು ಹಾಗೇ ಓಡುತ್ತಿರುತ್ತದೆ.

"ಹಾವೂ ಸಾಯಬಾರದು, ಕೋಲೂ ಮುರೀಬಾರದು," ಎಂದ.

"ನೀವು ಕೋಲು ಎತ್ತೇ ಇಲ್ವಲ್ಲ, ಮುರಿಯೋದು ಎಲ್ಲಿಂದ ಬಂತು? ಕೊಡಿ ಇಲ್ಲಿ." ಕೈ ಒರೆಸಿಕೊಂಡು ಪುಸ್ತಕ ಎಳೆದುಕೊಂಡಳು. ಓದುವಾಗ ತುಟಿ ಅಲ್ಲಾಡಿಸುವುದು ಅವಳ ಅಭ್ಯಾಸ. ದೊಡ್ಡ ಆಸ್ಪತ್ರೆಯ ಪುಟಗಳನ್ನು ಒಂದೊಂದಾಗಿ ತಿರುಗಿಸಿದಳು. ಪ್ರತಿ ಮಂಗಳವಾರದ ತಾರೀಕು, ಎದುರಿಗೆ 'ಉರುಳೆ ಪಟ್ಟಿ', ಅದರ ಮುಂದೆ ಬಂದ ಉತ್ತರ. ನೋಡೋಣ ಅಂದರು. ಫೈಲು ಮೇಲಿದೆ. ನೋಡೋಣ. ರಜೆಯಲ್ಲಿದ್ದಾರೆ. ನೋಡೋಣ. ನೂರಕ್ಕೂ ಹೆಚ್ಚು ನೋಡೋಣಗಳು.

ಅವಳ ಬೆರಳು ಒಂದು ಕಡೆ ನಿಂತಿತು.

"ಈ ಗೀಟು ಏನು?"

ನೆನಪಣ್ಣ ನೀರು ಕುಡಿಯುತ್ತಿದ್ದ.

"ಇಲ್ಲಿಂದ ಐದು ವಾರ ಬರೀ ಗೀಟು ಎಳೆದಿದೀರಲ್ಲ. ಬಕೆಟ್ ಕೇಳಿದೀರಿ, ಕಿಟಕಿ ಜಾಲರಿ ಕೇಳಿದೀರಿ. ಉರುಳೆ ಮುಂದೆ ಗೀಟು."

ಅವನು ಲೋಟ ಕೆಳಗಿಟ್ಟು, ಎದ್ದು ಹೋಗಿ ದೀಪ ಹಾಕಿದ. ಇನ್ನೂ ಬೆಳಕಿತ್ತು.

"ಅವರೇ ಹೇಳಿದ್ರು," ಎಂದ ಗೋಡೆ ಕಡೆ ನೋಡಿಕೊಂಡು. "ಪ್ರತಿ ವಾರ ಅದನ್ನೇ ಹೇಳೋಕೆ ನನಗೂ ನಾಚಿಕೆ ಆಗುತ್ತೆ ನೆನಪಣ್ಣ, ಸ್ವಲ್ಪ ದಿನ ಅದೊಂದು ಬಿಟ್ಟು ಬೇರೆ ಕೇಳಿ ಅಂತ. ಪಾಪ ಅನ್ನಿಸ್ತು. ಮಂಡಿ ನೋವು ಬೇರೆ. ಸರಿ ತಾಯಿ ಅಂದೆ."

"ಕೈ ಹೋಗಿದ್ದು ಯಾವಾಗ?"

"ಐದನೇ ಗೀಟು ಎಳೆದ ಮೂರನೇ ದಿನ."

ಹೆಂಡತಿ ಪುಸ್ತಕ ಮುಚ್ಚಿ ಅವನ ಕಡೆ ಸರಿಸಿ, ಬೀನ್ಸಿನ ತಟ್ಟೆ ಮತ್ತೆ ಎಳೆದುಕೊಂಡಳು.

"ನಾಲ್ಕು ದಿನದಿಂದ ಉಗ್ರಾಣದಮ್ಮನ ಕೆಲಸ, ಉಗ್ರಾಣದಮ್ಮನ ಮಗಳು ಅಂತಿದೀರಿ," ಎಂದಳು ತಲೆ ಎತ್ತದೆ. "ಆ ಮಾತು ಸುಳ್ಳು ಅಂತ ನಾನು ಅನ್ನಲ್ಲ. ಅದರೊಳಗೆ ಇದೊಂದು ನಾರು ಉಳ್ಕೊಂಡಿತ್ತಲ್ಲ, ಅದನ್ನ ತೆಗೀಲಿಲ್ಲ ನೀವು. ಬಿಟ್ರೆ ಬೆಂದ ಮೇಲೂ ಬಾಯಿಗೆ ಸಿಗುತ್ತೆ."

ಮಂಗಳವಾರ ಹನ್ನೊಂದಕ್ಕೆ ಅತ್ತ ಉಗ್ರಾಣದ ಫೋನು ಎರಡು ಸಲ ಬಡಿದುಕೊಂಡಿತು.

"ಏನ್ ನೆನಪಣ್ಣ, ಇನ್ನೂ ಬದುಕಿದೀರಾ?" ಎಂಟು ತಿಂಗಳಿಂದ ಈ ಮಾತಿಗೆ ನೆನಪಣ್ಣ ಮೊದಲಿನ ಉತ್ತರ ಕೊಟ್ಟಿರಲಿಲ್ಲ. ಅವರು ಹಾಗೆ ಕೇಳುವುದನ್ನೂ ಬಿಟ್ಟಿರಲಿಲ್ಲ.

"ಬದುಕಿದೀನಿ ತಾಯಿ. ಉರುಳೆ ಪಟ್ಟಿ ವಿಷಯ ನೆನಪು ಮಾಡೋಣ ಅಂತ ಫೋನ್ ಮಾಡಿದೆ."

ಅತ್ತ ಎರಡು ಪುಟ್ಟ ಕೆಮ್ಮು. "ಅದು ಕೋರ್ಟಿನಲ್ಲಿದೆ. ಅದರ ಬಗ್ಗೆ ಯಾರೂ ಬಾಯಿ ಬಿಡಬಾರದು ಅಂತ ನೋಟೀಸ್ ಹಚ್ಚಿದಾರೆ ಇಲ್ಲಿ."

"ಗೊತ್ತು. ನಾಳೆ ನಾನು ಅಲ್ಲಿಗೆ ಹೋಗ್ತಿದೀನಿ. ಪುಸ್ತಕ ತಗೊಂಡು."

ಅವರ ಹಿಂದೆ ಯಾರೋ ಗಾಡಿ ತಳ್ಳಿಕೊಂಡು ಹೋದರು, ಚಕ್ರವೊಂದು ಕಿರ್ರೆಂದಿತು. ಆ ಚಕ್ರಕ್ಕೆ ಎಣ್ಣೆ ಹಾಕಿಸಿ ಎಂದು ಒಂದು ಸಲ ಇವನೇ ತಮಾಷೆ ಮಾಡಿದ್ದ.

"ನಾನು ಹೇಳಿದ್ದು ಅದರಲ್ಲಿ ಇದ್ಯಾ?"

"ಇದೆ."

"ಹೆಸರು?"

"ಹೆಸರಿಲ್ಲ. ಉ ಅಂತ ಇದೆ."

"ಉ ಅಂದ್ರೆ ಉಪ್ಪಿನಕಾಯಿ ಅಂತ ತಿಳ್ಕೊತಾರಾ ನೆನಪಣ್ಣ? ಈ ಆಸ್ಪತ್ರೆಯಲ್ಲಿ ಉಗ್ರಾಣ ಒಂದೇ ಇರೋದು. ಹನ್ನೊಂದು ವರ್ಷ ನಿಮ್ಮ ಹತ್ರ ಮನೆಯವರ ಥರ ಮಾತಾಡಿದೆ. ನೀವು ಬರೆದುಕೊಳ್ತಾ ಇದ್ರಿ."

"ಬರೆದುಕೊಳ್ತೀನಿ ಅಂತ ಮೊದಲ ದಿನವೇ ಹೇಳಿದ್ದೆ ತಾಯಿ."

"ಹೇಳಿದ್ರಿ. ಇದಕ್ಕೆ ಅಂತ ಹೇಳಿರಲಿಲ್ಲ."

ಅದು ನಿಜವಾಗಿತ್ತು. ನೆನಪಣ್ಣ ಪುಸ್ತಕದ ಗುಂಡಗಾದ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿದ.

"ಅದರಲ್ಲಿ ನನ್ನದೂ ಇದೆ. ಐದು ವಾರ ಕೇಳಲಿಲ್ಲ ಅಂತ. ಕೇಳಬೇಡಿ ಅಂದೋರು ನೀವು, ಸರಿ ಅಂದೋನು ನಾನು. ಅದನ್ನೂ ಓದ್ತಾರೆ. ಹರಿದು ಹಾಕೋಣ ಅಂತ ನಿನ್ನೆ ಆ ಪುಟ ಹಿಡ್ಕೊಂಡು ಕೂತಿದ್ದೆ. ಆಗ್ಲಿಲ್ಲ." ಉಸಿರು ತೆಗೆದುಕೊಂಡ. "ಲಾಯರಮ್ಮನ್ನ ಕೇಳಿದೆ. ಪುಸ್ತಕದಲ್ಲಿ ಇರೋದು ಇನ್ನೊಬ್ರ ಮಾತು, ಕೇಳಿಸಿಕೊಂಡ ಮಾತು. ಅದನ್ನ ಜಡ್ಜ್ ಬದಿಗಿಟ್ರೂ ಇಡಬಹುದಂತೆ. ಆಡಿದೋರೇ ಬಂದು ಹೇಳಿದ್ರೆ ಬೇರೆ. ನನ್ನ ಬಾಯಲ್ಲಿ ಅದು ಚಾಡಿ ಆಗುತ್ತೆ. ನಿಮ್ಮ ಬಾಯಲ್ಲಿ ಸಾಕ್ಷಿ."

"ಅಂದ್ರೆ? ನಾನು ಬರಬೇಕಾ?"

"ಬಂದ್ರೆ ಒಳ್ಳೇದು ಅಂತ."

"ಬರದಿದ್ರೆ?"

"ಬರದಿದ್ರೆ ಏನೂ ಇಲ್ಲ ತಾಯಿ. ನನ್ನ ಕೈಯಲ್ಲಿ ಏನಿದೆ? ಎರಡು ಸಲ ಫೈಲ್ ಹಿಡ್ಕೊಂಡು ಒಳಗೆ ಹೋದೋರು ನೀವು. ಮೂರನೇ ಸಲ ಹೋದ ಹಾಗೆ ಅಂದ್ಕೊಳ್ಳಿ."

"ನನ್ನ ಮಗಳು…" ಎಂದು ಶುರುಮಾಡಿದವರು ನಿಲ್ಲಿಸಿದರು. ಮತ್ತೆ ಆ ಚಕ್ರದ ಕಿರ್ರು, ಈ ಸಲ ವಾಪಸು ಬರುತ್ತಿತ್ತು. ಫೋನು ಇಟ್ಟ ಸದ್ದು ಕೇಳಿಸಿತು.

ನೆನಪಣ್ಣ ಪೆನ್ನು ತೆಗೆದ. ತಾರೀಕು ಬರೆದು, 'ಉರುಳೆ ಪಟ್ಟಿ: ಕೇಳಿದೆ' ಎಂದು ಬರೆದ. ಅದರ ಮುಂದೆ ಉತ್ತರ ಬರೆಯುವ ಜಾಗವನ್ನು ಖಾಲಿ ಬಿಟ್ಟ. ಗೀಟು ಎಳೆಯಲಿಲ್ಲ.

ಬುಧವಾರ ಕೋರ್ಟಿನ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಗೋಡೆಯುದ್ದಕ್ಕೂ ಬೆಂಚುಗಳು, ಬೆಂಚಿನ ತುಂಬ ಜನ, ಜನರ ಮಡಿಲಲ್ಲಿ ಫೈಲುಗಳು. ನಾಲ್ಕನೇ ಕೋಣೆಯ ಬಾಗಿಲಿನ ಎದುರಿನ ಬೆಂಚಿನಲ್ಲಿ ದೊಡ್ಡಕ್ಕ ಕೂತಿದ್ದಳು. ನಲವತ್ತು ದಾಟಿದ ಬಡಕಲು ಹೆಂಗಸು. ಸ್ವೆಟರಿನ ಬಲತೋಳನ್ನು ಬೆರಳ ತುದಿಯಾಚೆಗೂ ಎಳೆದುಕೊಂಡಿದ್ದಳು. ಬೆರಳಿರಬೇಕಾದ ಜಾಗದಲ್ಲಿ ಉಣ್ಣೆ ಸುಮ್ಮನೆ ಮಡಚಿಕೊಂಡಿತ್ತು. ಪಕ್ಕದಲ್ಲಿ ಬಟ್ಟೆಯ ಚೀಲ. ಅದರೊಳಗಿಂದ ಒಂದು ಪ್ಲಾಸ್ಟಿಕ್ ಹೊದಿಕೆಯ ಅಂಚು ಇಣುಕುತ್ತಿತ್ತು. ಅದರಲ್ಲಿದ್ದ ಕಾಗದ ನೆನಪಣ್ಣನೇ ಕಳಿಸಿದ್ದು: 'ತಮ್ಮ ದೂರಿನ ಮೇಲೆ ಶಿಫಾರಸು ಮಾಡಲಾಗಿದೆ.'

ವಕೀಲೆ ಒಳಗೆ ಹೋಗುತ್ತಾ ಹೇಳಿದಳು: "ಇನ್ನು ಎರಡು ಕೇಸ್ ಆದ್ಮೇಲೆ ನಮ್ಮದು. ಸಾರ್, ಕರೆದಾಗ ಪುಸ್ತಕ ಸಮೇತ ಬನ್ನಿ."

ನೆನಪಣ್ಣ ಬೆಂಚಿನ ಈ ತುದಿಯಲ್ಲಿ ಕೂತ. ಚೀಲ ಇಬ್ಬರ ನಡುವೆ ಇತ್ತು.

"ಬಂದ್ರಲ್ಲ ಅಣ್ಣ," ಎಂದಳು ದೊಡ್ಡಕ್ಕ. "ಬರ್ತೀರಿ ಅಂತ ನನ್ನ ತಂಗಿ ಚಿಕ್ಕಿಗೆ ಹೇಳಿದ್ದೆ. ಅವಳಿಗೆ ರಜೆ ಕೊಡಲಿಲ್ಲ. ಈಗ ಮಷೀನ್ ಮುಂದೆ ಇರ್ತಾಳೆ."

"ಹುಷಾರಾಗಿರು ಅಂತ ಹೇಳಿ."

"ಹೇಳ್ತೀನಿ. ನನಗೂ ನಾನೇ ಹೇಳ್ಕೊತಿದ್ದೆ, ದಿನಾ." ತೋಳನ್ನು ಮತ್ತಷ್ಟು ಎಳೆದುಕೊಂಡಳು. "ಆರುನೂರನೇ ಬಟ್ಟೆಗೆ ಹುಷಾರು ಎಲ್ಲಿರುತ್ತೆ? ನನಗೆ ಬೇರೆ ಏನೂ ಬೇಡ ಅಣ್ಣ. ಅಜಾಗರೂಕತೆ ಅಂತ ಬರೆದಿದಾರಲ್ಲ, ಆ ಒಂದು ಮಾತು ಹೊಡೆದು ಹಾಕ್ಲಿ. ಆ ಪಟ್ಟಿ ಹಾಕ್ಲಿ."

ನೆನಪಣ್ಣ ಪುಸ್ತಕ ತೊಡೆಯ ಮೇಲೆ ಇಟ್ಟುಕೊಂಡು ಅದರ ರಟ್ಟನ್ನೇ ನೋಡುತ್ತಿದ್ದ. ಒಳಗೆ ಯಾರದೋ ವಾದ ನಡೆಯುತ್ತಿತ್ತು. ಬಾಗಿಲು ತೆರೆದಾಗಲೆಲ್ಲ ಅದರ ತುಂಡು ತುಂಡು ಹೊರಗೆ ಬೀಳುತ್ತಿತ್ತು.

"ನಿಮಗೆ ಒಂದು ಮಾತು ಹೇಳಬೇಕಮ್ಮ. ಒಳಗೆ ಓದೋ ಮುಂಚೆ ನೀವು ನನ್ನ ಬಾಯಿಂದ ಕೇಳಬೇಕು. ಪ್ರತಿ ಮಂಗಳವಾರ ಕೇಳ್ತೀನಿ ಅಂದಿದ್ದೆ. ನಿಮ್ಮ ಕೈ ಹೋಗೋ ಮುಂಚಿನ ಐದು ವಾರ ಕೇಳಲಿಲ್ಲ."

ದೊಡ್ಡಕ್ಕ ತಿರುಗಿ ಅವನ ಮುಖ ನೋಡಿದಳು. ನೋಡುತ್ತಲೇ ಇದ್ದಳು. ನೆನಪಣ್ಣನಿಗೆ ಕಣ್ಣು ತಗ್ಗಿಸಬೇಕೆನಿಸಿತು; ತಗ್ಗಿಸಲಿಲ್ಲ.

"ಕೇಳಿದ್ರೆ ಹಾಕ್ತಿದ್ರಾ?"

"ಗೊತ್ತಿಲ್ಲ."

"ನನಗೂ ಗೊತ್ತಿಲ್ಲ," ಎಂದಳು. ಸ್ವಲ್ಪ ತಡೆದು, "ಕೇಳಬೇಕಿತ್ತು ಅಣ್ಣ," ಎಂದಳು.

"ಕೇಳಬೇಕಿತ್ತು."

"ಪುಸ್ತಕದಲ್ಲಿ ಅದೂ ಇದ್ಯಾ?"

"ಇದೆ."

"ಹಾಗಾದ್ರೆ ಅದನ್ನೂ ಓದ್ಲಿ."

ಜವಾನ ಬಾಗಿಲಿಗೆ ಬಂದು ಯಾವುದೋ ಹೆಸರು ಕೂಗಿದ. ಅವರದಲ್ಲ. ಎದುರು ಬೆಂಚಿನಿಂದ ನಾಲ್ಕು ಜನ ಎದ್ದು ಒಳಗೆ ನುಗ್ಗಿದರು. ಆ ಗದ್ದಲ ತಗ್ಗಿದಾಗ ಪಡಸಾಲೆಯ ತುದಿಯಿಂದ ಒಂದು ಸಣ್ಣ ಆಕೃತಿ ನಿಧಾನವಾಗಿ ಬರುತ್ತಿರುವುದು ನೆನಪಣ್ಣನಿಗೆ ಕಂಡಿತು. ಕುಳ್ಳಗಿನ, ತೆಳ್ಳಗಿನ ಹೆಂಗಸು, ಶಾಲೆಯ ಹುಡುಗಿಯಷ್ಟೇ ಇದ್ದಳು. ನರೆತ ಕೂದಲನ್ನು ಬಿಗಿಯಾಗಿ ಎಳೆದು ಕಟ್ಟಿದ್ದಳು. ಪ್ರತಿ ಬಾಗಿಲಿನ ಮೇಲಿನ ಅಂಕಿಯನ್ನೂ ಕತ್ತೆತ್ತಿ ನೋಡುತ್ತಾ, ಒಂದೊಂದು ಹೆಜ್ಜೆಗೂ ಬಲಗಾಲನ್ನು ಕೊಂಚ ಎಳೆಯುತ್ತಾ ಬಂದಳು. ನಾಲ್ಕನೇ ಬಾಗಿಲಿನ ಮುಂದೆ ನಿಂತಳು. ಬೆಂಚಿನ ಮೇಲಿದ್ದ ಮುಖಗಳನ್ನು ಒಂದೊಂದಾಗಿ ನೋಡಿದಳು. ನೆನಪಣ್ಣನ ಮುಖವನ್ನೂ ನೋಡಿ ಮುಂದೆ ಹೋದ ಅವಳ ಕಣ್ಣು, ದೊಡ್ಡಕ್ಕನ ಉದ್ದನೆಯ ತೋಳಿನ ಮೇಲೆ ನಿಂತಿತು.

ಎರಡು ಪುಟ್ಟ ಕೆಮ್ಮು.

"ಇಲ್ಲಿ ಯಾರಾದ್ರೂ ಕೂತಿದಾರಾ?" ಎಂದು ಕೇಳಿದಳು, ಆ ದಪ್ಪ, ಗಡಸು ದನಿಯಲ್ಲಿ.

"ಇಲ್ಲಮ್ಮ, ಕೂತ್ಕೊಳ್ಳಿ," ಎಂದಳು ದೊಡ್ಡಕ್ಕ.

ಅವಳು ಎಡಗೈಯಿಂದ ಚೀಲವನ್ನು ಎತ್ತಿ ಕಾಲ ಬಳಿ ಇಟ್ಟಳು. ಬಂದವಳು ಬೆಂಚಿನ ಅಂಚು ಹಿಡಿದು, ನೋಯುವ ಮಂಡಿಯನ್ನು ಮುಂದೆ ಚಾಚಿ, ಇಬ್ಬರ ನಡುವೆ ಮೆಲ್ಲಗೆ ಕೂತಳು.